ಘಾಟಿನ ಕೂಲಿ

ಒಂದು ಯೋಜನೆ ಜಾರಿಗೆ ಬಂದರೆ ಹತ್ತು ವರ್ಷದ ಮೇಲೆ ಯಾರ ಮನೆ ಬೆಳಗುತ್ತದೆ, ಯಾರ ಮನೆ ಮುಳುಗುತ್ತದೆ ಎಂಬುದನ್ನು ಇವತ್ತೇ ಕೂತು ನೋಡುವ ಹಾಗಿದ್ದರೆ ಮಂತ್ರಿಗಳ ಅರ್ಧ ಭಾಷಣ ಕಡಿಮೆಯಾಗುತ್ತಿತ್ತು. ನೆರಳೂರು ಬಂದ ಮೇಲೆ ನೋಡುವುದೇನೋ ಸಾಧ್ಯವಾಯಿತು. ಭಾಷಣ ಮಾತ್ರ ಕಡಿಮೆಯಾಗಲಿಲ್ಲ.

ನೆರಳೂರು ಎಂದರೆ ಧಾರವಾಡದ ಹೊರಗೆ ಗುಡ್ಡದ ಮೇಲಿನ ಕಟ್ಟಡವೊಂದರಲ್ಲಿ ಸದಾ ತಣ್ಣಗೆ ಕೂತಿರುತ್ತಿದ್ದ ಒಂದು ದೊಡ್ಡ ಗಣಕ. ಊರೊಂದರ ಹೆಸರು ಕೊಟ್ಟರೆ ಸಾಕು, ಆ ಊರಿನ ಪ್ರತಿಯೊಬ್ಬರಿಗೂ ಅದರೊಳಗೆ ಒಂದು ನೆರಳು ಹುಟ್ಟುತ್ತಿತ್ತು. ನೀವು ಯಾವ ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತೀರಿ, ಜ್ವರ ಬಂದರೆ ಎಷ್ಟು ದಿನ ತಡೆದುಕೊಂಡು ಆಸ್ಪತ್ರೆಗೆ ಹೋಗುತ್ತೀರಿ, ಕೈಯಲ್ಲಿ ನಾಲ್ಕು ಕಾಸು ಹೆಚ್ಚು ಬಂದರೆ ಮೊದಲು ಏನು ಕೊಳ್ಳುತ್ತೀರಿ, ಎಲ್ಲವೂ ನಿಮ್ಮ ನೆರಳಿಗೆ ಗೊತ್ತು. ಹೊಸ ಕಾನೂನೊಂದನ್ನು ಆ ನೆರಳುಗಳ ನಡುವೆ ಬಿಟ್ಟರೆ ನಾವು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅವು ಹತ್ತು ವರ್ಷ ಬದುಕಿ ತೋರಿಸುತ್ತಿದ್ದವು. ಕೊನೆಗೆ ಗೋಡೆಯ ಮೇಲೆ ಒಂದು ಅಂಕ ಮೂಡುತ್ತಿತ್ತು. ಅದಕ್ಕೆ ಕ್ಷೇಮಾಂಕ ಎಂದು ಹೆಸರು.

ಇಷ್ಟು ದೊಡ್ಡ ಯಂತ್ರ ಬಂದರೂ ಅದಕ್ಕೆ ಉಣಿಸಲು ಹೊಸ ಯೋಚನೆಗಳೇ ಇರಲಿಲ್ಲ. ದೊಡ್ಡವರೆಲ್ಲ ಹಳೆಯ ಯೋಜನೆಗಳಿಗೇ ಹೊಸ ಹೆಸರಿಟ್ಟು ತರುತ್ತಿದ್ದರು. ಆಗ ಯಾರೋ ಪುಣ್ಯಾತ್ಮರು ಕಾಲೇಜು ಮಕ್ಕಳಿಗೆ ಒಂದು ಸ್ಪರ್ಧೆ ಇಡೋಣ ಎಂದರು. ಯಾರ ಯೋಜನೆಗೆ ಹೆಚ್ಚು ಕ್ಷೇಮಾಂಕ ಬೀಳುತ್ತದೋ ಅವರಿಗೊಂದು ಶಾಲು, ಒಂದು ಫಲಕ, ಮತ್ತು ಎಲ್ಲಕ್ಕಿಂತ ದೊಡ್ಡ ಬಹುಮಾನವೆಂದರೆ, ಆ ಯೋಜನೆ ನಿಜವಾದ ಊರೊಂದರಲ್ಲಿ ನಿಜವಾಗಿಯೇ ಜಾರಿ.

ಆ ವರ್ಷ ಕೊನೆಯ ಸುತ್ತಿಗೆ ಬಂದವರಲ್ಲಿ ಭಾಗೀರಥಿ ಒಬ್ಬಳು. ಬ್ಯಾಡಗಿಯ ಫಕ್ಕೀರವ್ವನ ಮಗಳು. ಫಕ್ಕೀರವ್ವ ಮೆಣಸಿನಕಾಯಿಯ ಅಂಗಳದಲ್ಲಿ, ಎಂದರೆ ಸುತ್ತ ಗೋಡೆ ಕಟ್ಟಿ ಮಾಡು ಹಾಕಿದ ಕೆಲಸದ ಶೆಡ್ಡಿನಲ್ಲಿ, ತೊಟ್ಟು ಬಿಡಿಸುವ ಕೆಲಸದವಳು. ಗಂಡ ಸತ್ತ ಮೇಲೆ ಅದೇ ಕೆಲಸದಲ್ಲಿ ಮಗಳನ್ನು ಬೆಳೆಸಿ, ಓದಿಸಿ, ಎಂ.ಎ.ಗೆ ಧಾರವಾಡಕ್ಕೆ ಕಳಿಸಿದ್ದಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಎಂದು ಅಡುಗೆ ಬಲ್ಲವರು ಹೇಳುತ್ತಾರೆ. ಅವರು ಯಾರೂ ಜರಡಿಯ ಪಕ್ಕ ಕೂತವರಲ್ಲ. ತೊಟ್ಟು ಮುರಿದ ಕಾಯಿಯಿಂದ ಬೀಜ, ಕಸ ಬೇರ್ಪಡಿಸಲು ಅದನ್ನು ಯಂತ್ರದ ಜರಡಿಗೆ ಸುರಿದಾಗ ಏಳುವ ಕೆಂಪು ಧೂಳು ಮೂಗು, ಗಂಟಲು, ಕಣ್ಣು ಎಲ್ಲಕ್ಕೂ ಒಂದೇ ಸಲ ನುಗ್ಗುತ್ತದೆ. ಆ ಘಾಟಿನಲ್ಲೇ ಭಾಗೀರಥಿಯ ಬಾಲ್ಯ ಕಳೆದಿತ್ತು.

ಅವಳ ಯೋಜನೆ ನೋಡಲು ಸರಳ.

"ಘಾಟಿಗೆ ಬೆಲೆ ಇಲ್ಲ. ಪುಕ್ಕಟೆ ಇರೋದನ್ನ ಯಾರೂ ಕಡಿಮೆ ಮಾಡೋದಿಲ್ಲ," ಎಂದಳು ತೀರ್ಪುಗಾರರ ಮುಂದೆ ನಿಂತು. "ಪ್ರತಿಯೊಬ್ಬ ಕೆಲಸದಾಕೆಯ ಕೊರಳಿಗೂ ಒಂದು ಸಣ್ಣ ಮಾಪಕ ಹಾಕೋಣ. ಅದರಲ್ಲಿ ಒಂದು ಬೆಳಕಿನ ಎಳೆ ಇರುತ್ತೆ. ಉಸಿರಿನ ಜೊತೆ ಒಳಗೆ ಹೋಗೋ ಧೂಳನ್ನ ಅದು ಎಣಿಸುತ್ತೆ. ಎಷ್ಟು ಧೂಳೋ ಅಷ್ಟು ಹೆಚ್ಚಿಗೆ ಕೂಲಿ, ಮಾಲೀಕರ ಕಡೆಯಿಂದ. ಆ ಖರ್ಚು ತಪ್ಪಿಸಿಕೊಳ್ಳೋದಕ್ಕೆ ಅವರೇ ಓಡಿ ಹೋಗಿ ಫ್ಯಾನು ತರ್ತಾರೆ. ಯಾರೂ ಕೈ ಮುಗಿದು ಬೇಡೋ ಅಗತ್ಯ ಇಲ್ಲ."

ತೀರ್ಪುಗಾರರಲ್ಲಿ ಒಬ್ಬರು ನಕ್ಕರು. "ಮಾಪಕವನ್ನು ಬಿಚ್ಚಿ ಜರಡಿಯ ಮೇಲೆ ನೇತುಹಾಕಿ ಹೊರಗೆ ಹೋಗಿ ಕೂತರೆ?"

ಎದುರಾಳಿ ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವ ಹುಡುಗಿ ಇವಳು. ಉತ್ತರ ಸಿದ್ಧವಾಗಿಯೇ ಇತ್ತು. "ಅದು ಎದೆಬಡಿತ, ಉಸಿರು ಎರಡನ್ನೂ ಹಿಡಿಯುತ್ತೆ ಸರ್. ಉಸಿರಾಡೋ ಎದೆಯ ಮೇಲೆ ಇದ್ದರೆ ಮಾತ್ರ ಎಣಿಸುತ್ತೆ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಭಾಗೀರಥಿಯ ಕಿವಿಗಳು ಬೆಚ್ಚಗಾದವು.

ನೆರಳೂರಿನ ಉಸ್ತುವಾರಿ ಹೊತ್ತಿದ್ದ ಡಾ. ನಿರುಪಮಾ ಮಿತಭಾಷಿ. ಅವರು ಯಂತ್ರ ಶುರು ಮಾಡುವ ಮುಂಚೆ ಪ್ರತಿ ಸ್ಪರ್ಧಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ನಿಮ್ಮ ಕಡೆ ಈ ಕೆಲಸದಲ್ಲಿ ನೆರಳುಗಳಿಗೆ ಗೊತ್ತಿಲ್ಲದ ಪದ್ಧತಿ ಏನಾದರೂ ಇದೆಯೇ?"

ಒಂದು ಪದ್ಧತಿ ಇತ್ತು. ಅದನ್ನು ಜರಡಿ ಪಾಳಿ ಎನ್ನುತ್ತಿದ್ದರು. ಜರಡಿಯ ಪಕ್ಕದ ಆ ಕೆಟ್ಟ ಜಾಗದಲ್ಲಿ ಯಾರೂ ಅರ್ಧ ದಿನಕ್ಕಿಂತ ಹೆಚ್ಚು ಕೂರುವಂತಿಲ್ಲ. ಬಸುರಿಯರಿಗೆ, ಬಾಣಂತಿಯರಿಗೆ, ಕೆಮ್ಮು ಇದ್ದವರಿಗೆ ಅದರಿಂದ ಬಿಡುಗಡೆ. ಇವತ್ತು ಯಾರ ಪಾಳಿ ಎಂದು ಗುಂಪಿನ ಹಿರಿಯಳು ಮಾಬೂಬಿ ಬೆಳಿಗ್ಗೆ ಹೇಳಿಬಿಟ್ಟರೆ ಅದಕ್ಕೆ ಎದುರಾಡುವವರಿಲ್ಲ. ಇದೆಲ್ಲ ಭಾಗೀರಥಿಯ ನೆನಪಿಗೆ ಬಂತು. ಆದರೆ ಹೆಂಗಸರು ತಮ್ಮತಮ್ಮಲ್ಲೇ ಮಾಡಿಕೊಂಡ ಹೊಂದಾಣಿಕೆಯನ್ನು ಅಷ್ಟು ದೊಡ್ಡ ಸಭೆಯಲ್ಲಿ ಅರ್ಥಶಾಸ್ತ್ರ ಎಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಯಿತು.

"ಏನೂ ಇಲ್ಲ ಮೇಡಂ," ಎಂದಳು.

ನೆರಳುಗಳು ಓಡಿದವು. ಒಂದು ವರ್ಷ ತುಂಬುವುದರೊಳಗೆ ಮಾಲೀಕರ ನೆರಳುಗಳು ಫ್ಯಾನು ಹಾಕಿಸಿದವು. ಗೋಡೆಯ ಮೇಲೆ ಕೆಂಪಗೆ ಕಾಣುತ್ತಿದ್ದ ಮೆಣಸಿನಕಾಯಿ ಅಂಗಳಗಳು ಒಂದೊಂದಾಗಿ ತಿಳಿಯಾದವು. ಅಂಥ ಕ್ಷೇಮಾಂಕ ಆ ಸ್ಪರ್ಧೆಯಲ್ಲಿ ಅದುವರೆಗೆ ಯಾರಿಗೂ ಬಂದಿರಲಿಲ್ಲ.

ಜಾರಿಗೆ ಆರಿಸಿದ ಊರು ಬ್ಯಾಡಗಿಯೇ. ಇನ್ನಾವ ಊರು?

ಮಾಪಕಗಳು ಬಂದಾಗ ಹೆಂಗಸರು ಅದಕ್ಕೆ ಬಿಲ್ಲೆ ಎಂದು ಹೆಸರಿಟ್ಟರು. ಕೊರಳಲ್ಲಿ ತೂಗುವ, ಧೂಳು ಹೆಚ್ಚಾದಂತೆ ನೀಲಿಯಾಗಿ ಮಿನುಗುವ ಬಿಲ್ಲೆ. ಮೊದಲ ವಾರವೇ ಕೂಲಿ ಹೆಚ್ಚಾಯಿತು. ಜರಡಿಯ ಪಾಳಿ ಬಂದವರಿಗಂತೂ ಎರಡು ದಿನದ ಕೂಲಿ ಒಂದೇ ದಿನಕ್ಕೆ ಸಿಕ್ಕಿತು. ಯಾರಿಗೂ ಬೇಡವಾಗಿದ್ದ ಜಾಗ ಎಲ್ಲರಿಗೂ ಬೇಕಾದ ಜಾಗವಾಯಿತು. ಬೆಳಗಾದರೆ ಮಾಬೂಬಿಯ ಸುತ್ತ ಜಗಳ. ಒಬ್ಬಳಿಗೆ ಮಗಳ ಮದುವೆ, ಒಬ್ಬಳಿಗೆ ಗಂಡನ ಆಪರೇಷನ್ನು, ಇನ್ನೊಬ್ಬಳು ಬಸುರಿ, ಹೆರಿಗೆಗೆ ಮುಂಚೆ ನಾಲ್ಕು ಕಾಸು ಕೂಡಿಡಬೇಕು.

ಈ ಜಗಳಕ್ಕೆ ಮಾಬೂಬಿ ಒಂದು ಪರಿಹಾರ ಹುಡುಕಿದಳು. ಭಾಗೀರಥಿ ಊರಿಗೆ ಬಂದ ಒಂದು ಸೋಮವಾರ ಎಲ್ಲರನ್ನೂ ಕೂಡಿಸಿ, ಫಕ್ಕೀರವ್ವನ ಕೈಹಿಡಿದು ಕರೆತಂದು ಜರಡಿಯ ಪಕ್ಕದ ಮಣೆಯ ಮೇಲೆ ಕೂರಿಸಿದಳು.

"ಇನ್ನ ಮ್ಯಾಲೆ ಪಾಳಿ ಇಲ್ಲ. ಈ ಜಾಗಾ ಫಕ್ಕೀರವ್ವಂದು," ಎಂದಳು. "ಇದು ಆಕಿ ಮಗಳು ತಂದ ಭಾಗ್ಯ. ಆಕಿನ ಉಣ್ಣಲಿ. ಯಾರರ ಬ್ಯಾಡ ಅಂತೀರೇನ?"

ಯಾರೂ ಬೇಡ ಎನ್ನಲಿಲ್ಲ. ತಮಗೂ ಬೇಕಾಗಿದ್ದ ಜಾಗವನ್ನು ಅವರು ಮನಸಾರೆ ಬಿಟ್ಟುಕೊಟ್ಟರು. ಒಬ್ಬಳು ಫಕ್ಕೀರವ್ವನ ಮಡಿಲಿಗೆ ತೆಂಗಿನಕಾಯಿ ಹಾಕಿದಳು. ಫಕ್ಕೀರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಘಾಟಿಗೋ ಸಂತೋಷಕ್ಕೋ. ಬಾಗಿಲಲ್ಲಿ ನಿಂತ ಭಾಗೀರಥಿಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ತಾನು ಹುಟ್ಟಿದಾಗಿನಿಂದ ಅವ್ವನಿಗೆ ಯಾರೂ ಇಂಥ ಮರ್ಯಾದೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಮುಂದೆ ಫ್ಯಾನುಗಳೂ ಬಂದವು. ಇದರಲ್ಲಿ ನೆರಳೂರು ಸುಳ್ಳು ಹೇಳಿರಲಿಲ್ಲ. ಗೋಡೆಯಲ್ಲಿ ದೊಡ್ಡ ಕಿಂಡಿಗಳು, ಕಿಂಡಿಗೆ ತಗಡಿನ ಕೊಳವೆ, ಕೊಳವೆಯ ಹೊರತುದಿಯಲ್ಲಿ ಬುರ್ರೆಂದು ತಿರುಗುವ ಫ್ಯಾನು. ಭಾಗೀರಥಿ ಹಾಸ್ಟೆಲಿನಲ್ಲಿ ಆ ಸುದ್ದಿ ಕೇಳಿ ಗೆಳತಿಯರಿಗೆಲ್ಲ ಪೇಢೆ ಹಂಚಿದಳು.

ಯುಗಾದಿಯ ರಜೆಗೆ ಊರಿಗೆ ಬಂದವಳು ಚೀಲವನ್ನೂ ಇಳಿಸದೆ ನೇರ ಅಂಗಳಕ್ಕೆ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಕೆಮ್ಮು ಒತ್ತರಿಸಿ ಬಂತು. ಫ್ಯಾನುಗಳು ತಿರುಗುತ್ತಿದ್ದವು, ಸದ್ದೂ ಇತ್ತು. ಆದರೆ ಧೂಳು ಮೊದಲಿಗಿಂತ ದಟ್ಟವಾಗಿತ್ತು. ಕಣ್ಣು ಉಜ್ಜಿಕೊಂಡು ನೋಡಿದಳು. ಕೊಳವೆಗಳ ಬಾಯಿಗೆಲ್ಲ ಗೋಣಿಚೀಲ ತುರುಕಿತ್ತು. ಮೊದಲು ಸದಾ ತೆರೆದಿರುತ್ತಿದ್ದ ಕಿಟಕಿಗಳನ್ನೂ ಮುಚ್ಚಿದ್ದರು. ಮೂಗಿಗೆ ಯಾರೂ ಬಟ್ಟೆ ಕಟ್ಟಿರಲಿಲ್ಲ. ಆ ಕೆಂಪು ಮಬ್ಬಿನಲ್ಲಿ ಸಾಲುಸಾಲಾಗಿ ನೀಲಿ ಬಿಲ್ಲೆಗಳು ಮಿನುಗುತ್ತಿದ್ದವು.

"ಇದೇನ್ ದೊಡ್ಡವ್ವಾ?" ಎಂದು ಮಾಬೂಬಿಯನ್ನು ಕೇಳಿದಳು.

"ಫ್ಯಾನ್ ಧೂಳ ಎಳದ್ರ ಬಿಲ್ಲಿ ಆರತೈತಿ ನೋಡವಾ. ಬಿಲ್ಲಿ ಆರಿದ್ರ ಕೂಲಿ ಇಲ್ಲ," ಎಂದಳು ಮಾಬೂಬಿ, ಎಳೆ ಮಗುವಿಗೆ ಹೇಳುವಂತೆ. "ಮೊದಲು ನಾವೂ ಶಾಣ್ಯಾತನ ಮಾಡಿದ್ವಿ. ಬಿಲ್ಲಿ ಬಿಚ್ಚಿ ಮೊಳಿಗೆ ತೂಗಹಾಕಿ ಹೊರಗ ಗಿಡದ ಬುಡಕ ಕುಂತ್ವಿ. ಒಂದೂ ಎಣಸಲಿಲ್ಲ. ಅದಕ್ಕ ಉಸಿರು ಬೇಕಂತ. ಯಾರು ಮಾಡ್ಯಾರೋ ಏನೋ, ಭಾಳ ಬೆರಕಿ ಅದಾರ."

ಭಾಗೀರಥಿಗೆ ಸಭೆಯ ಚಪ್ಪಾಳೆ ನೆನಪಾಯಿತು. ಅದನ್ನು ಮಾಡಿದವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಮಾಲೀಕರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಚೀಲ ತೆಗೆಸಿದರೆ ಆಳುಗಳೆಲ್ಲ ಪಕ್ಕದ ಅಂಗಳಕ್ಕೆ ಹೋಗಿಬಿಡುತ್ತಾರೆ, ಹಂಗಾಮಿನಲ್ಲಿ ಬೇರೆಯವರು ಸಿಗುವುದಿಲ್ಲ. ಹಾಗಾಗಿ ಅವರೂ ಕಣ್ಣು ಮುಚ್ಚಿಕೊಂಡಿದ್ದರು.

ಫಕ್ಕೀರವ್ವ ತನ್ನ ಗೌರವದ ಜಾಗದಲ್ಲಿ ಕೂತಿದ್ದಳು. ಎಲ್ಲರ ಬಿಲ್ಲೆಗಿಂತ ಅವಳದು ಹೆಚ್ಚು ನೀಲಿ. ಮಗಳನ್ನು ಕಂಡು ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ಬೇಗ ಮುಗಿಯಲಿಲ್ಲ. ಎದೆಯೊಳಗೆ ಏನೋ ಹರಿಯುತ್ತಿರುವ ಸದ್ದು ಅದರಲ್ಲಿತ್ತು. ಹೋದ ಸಲ ಬಂದಾಗ ಅವ್ವನಿಗೆ ಸರಿಯಾಗಿ ಕೂತಿದ್ದ ರವಿಕೆ ಈಗ ತೋಳಿನಲ್ಲಿ ಜೋತುಬಿದ್ದಿತ್ತು.

ಆ ಸಂಜೆ ಮನೆಯಲ್ಲಿ ಜಗಳವಾಯಿತು.

"ನಾಳಿಂದ ಆ ಜಾಗಾ ಬಿಡು ಯವ್ವಾ. ನಿನ್ನ ಕಾಲಿಗೆ ಬೀಳ್ತೀನಿ."

"ಬಿಡಾಕ ಅದೇನು ನಾ ಹಿಡದದ್ದಲ್ಲ. ಕೊಟ್ಟ ಮಂದಿಗೆ ಏನಂತ ಹೇಳ್ಲಿ? ನನ್ನ ಮಗಳ ಕಾಯ್ದೆ ನನಗ ಬ್ಯಾಡ ಅಂತ ಹೇಳ್ಲೇನು?" ಫಕ್ಕೀರವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನಿನ್ನ ಹಾಸ್ಟೆಲ್ಲಿಗೆ ಎಲ್ಲಿಂದ ಬರತೈತಿ ಅಂತ ಮಾಡೀ? ಶಾಲು ಮಾರಿದ್ರ ಬರತೈತೇನು?"

ಭಾಗೀರಥಿ ಮರುದಿನವೇ ಧಾರವಾಡದ ಬಸ್ಸು ಹತ್ತಿದಳು.

ನಿರುಪಮಾ ಅವಳ ಮಾತನ್ನೆಲ್ಲ ತಡೆಯದೆ ಕೇಳಿಸಿಕೊಂಡರು. ಚೀಲ ತುರುಕಿದ್ದು, ಪಾಳಿ ನಿಂತದ್ದು, ಎಲ್ಲವನ್ನೂ. ಪಾಳಿಯ ವಿಷಯಕ್ಕೆ ಬಂದಾಗ ಮಾತ್ರ ಕನ್ನಡಕ ತೆಗೆದು ಅವಳ ಮುಖ ನೋಡಿದರು.

"ನಾನು ಕೇಳಿದ್ದೆ," ಎಂದರು.

"ಹೌದು ಮೇಡಂ."

ನಿರುಪಮಾ ಅದನ್ನು ಬೆಳೆಸಲಿಲ್ಲ. "ತಪ್ಪು ನಮ್ಮದೂ ಇದೆ. ನೆರಳುಗಳಿಗೆ ನಾಳೆಯ ಬಗ್ಗೆ ಎಷ್ಟು ಕಾಳಜಿ ಇರಬೇಕು ಅಂತ ನಾವೇ ಒಂದು ತೂಕ ಕೊಡುತ್ತೇವೆ. ಆ ತೂಕ ಕೊಟ್ಟ ನಾವೆಲ್ಲ ತಿಂಗಳ ಸಂಬಳದವರು. ಹತ್ತು ವರ್ಷದ ನಂತರದ ಉಸಿರನ್ನು ಇವತ್ತಿನ ಕೂಲಿಗಿಂತ ದೊಡ್ಡದು ಅಂತ ನಾವು ತಿಳಿದೆವು. ಅದಕ್ಕೇ ಆ ನೆರಳುಗಳು ಫ್ಯಾನಿಗೆ ಅಡ್ಡ ಬರಲಿಲ್ಲ."

ಅವರು ಆ ತೂಕವನ್ನು ಇಳಿಸಿ, ಚೀಲವನ್ನೂ ಜರಡಿಯ ಜಾಗವನ್ನೂ ಸೇರಿಸಿ ಊರನ್ನು ಮತ್ತೆ ಓಡಿಸಿದರು. ಈ ಸಲ ನೆರಳುಗಳೂ ಕೊಳವೆಗೆ ಚೀಲ ತುರುಕಿದವು. ಭಾಗೀರಥಿ ಉಗುರು ಕಚ್ಚುತ್ತಾ ಕ್ಷೇಮಾಂಕಕ್ಕೆ ಕಾದಳು. ಅದು ಕುಸಿದರೆ ಯೋಜನೆ ತಾನಾಗಿ ರದ್ದಾಗುತ್ತದೆ.

ಕ್ಷೇಮಾಂಕ ಕುಸಿಯಲಿಲ್ಲ. ಸ್ವಲ್ಪ ಏರಿತು.

"ಹೆಂಗೆ ಮೇಡಂ?"

"ಕೂಲಿ ಹೆಚ್ಚಿದೆ. ಸಂತೆಯಲ್ಲಿ ವ್ಯಾಪಾರ ಹೆಚ್ಚಿದೆ. ಹೊಸ ಔಷಧದಂಗಡಿಗಳು ಬಂದಿವೆ, ಒಂದು ಆಸ್ಪತ್ರೆ ಬಂದಿದೆ. ಅದೂ ಊರಿನ ಆದಾಯವೇ."

"ಉಸಿರಿನ ಲೆಕ್ಕ ತೆಗೆದುಬಿಡಿ. ಬಿಲ್ಲೆನ ಮೊಳೆಗೆ ತೂಗಿಹಾಕಿದರೂ ಎಣಿಸೋ ಹಂಗೆ ಮಾಡಿ. ಅವರು ಹೊರಗೆ ಕೂತುಕೊಳ್ಳಲಿ."

"ಹಾಗೆ ಮಾಡಿದರೆ ಮಾಲೀಕರು ಮರುದಿನವೇ ಕೋರ್ಟಿಗೆ ಹೋಗುತ್ತಾರೆ. ಅವರು ಒಪ್ಪಿದ್ದೇ ನಿಮ್ಮ ಆ ಉಸಿರಿನ ಷರತ್ತನ್ನು ನೋಡಿ." ನಿರುಪಮಾ ನಿಯಮಗಳ ಕಡತ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು. "ಇನ್ನು ಒಂದೇ ದಾರಿ. ಕೆಲಸದವರೇ ಸಭೆ ಸೇರಿ ಬೇಡ ಅಂತ ಕೈ ಎತ್ತಿದರೆ ನಿಲ್ಲಿಸಬಹುದು."

ಭಾಗೀರಥಿ ಗೋಡೆಯ ಕಡೆ ತಿರುಗಿದಳು. "ನಮ್ಮವ್ವನ ನೆರಳು ತೋರಿಸ್ತೀರಾ?"

ಒಬ್ಬರ ನೆರಳನ್ನು ಬೇರೆಯಾಗಿ ತೋರಿಸುವುದು ನಿಯಮಕ್ಕೆ ವಿರುದ್ಧ. ನಿರುಪಮಾ ಬಾಗಿಲು ಹಾಕಿ ಬಂದು ತೋರಿಸಿದರು. ಜರಡಿಯ ಪಕ್ಕ ಒಂದು ಸಣ್ಣ ಚುಕ್ಕೆ. ಮೊದಲ ವರ್ಷ ಇತ್ತು. ಎರಡನೆಯ ವರ್ಷ ಅದು ಆಗಾಗ ಆಸ್ಪತ್ರೆಗೆ ಹೋಗಿ ಬಂತು. ಮೂರನೆಯ ವರ್ಷ ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

"ಅವ್ವ ಎಲ್ಲಿ ಹೋದಳು?" ಎಂದು ಭಾಗೀರಥಿ ಕೇಳಿದಳು. ಅರ್ಥವಾಗಿದ್ದರೂ ಕೇಳಿದಳು. ನಿರುಪಮಾ ಅವಳ ಬೆನ್ನ ಮೇಲೆ ಕೈಯಿಟ್ಟರು. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಊರಿಗೆ ಮರಳಿದವಳು ಅವ್ವನಿಂದ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟು ಯಾರಿಗೆ ಲಾಭ? ನೆರಳೂರು ಎಂದರೇನು, ಅಲ್ಲಿ ಅವ್ವನ ಹೆಸರಿನ ನೆರಳೊಂದು ಹೇಗೆ ಬದುಕಿತು, ಮೂರನೆಯ ವರ್ಷ ಏನಾಯಿತು, ಎಲ್ಲ ಬಿಡಿಸಿ ಹೇಳಿದಳು. ಫಕ್ಕೀರವ್ವ ಹಿತ್ತಲ ಬಾಗಿಲಲ್ಲಿ ಕೂತು, ಉರಿಯುವ ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಕೇಳಿದಳು. ಬೇರೆ ಯಾರದೋ ಮನೆಯ ಸುದ್ದಿ ಕೇಳುವಂತೆ ಕೇಳಿದಳು.

ಕೊನೆಗೆ ಒಂದು ಪ್ರಶ್ನೆ ಹಾಕಿದಳು. "ಆ ನೆರಳಿನಾಕಿ ಮಗಳು ಅಷ್ಟರಾಗ ಓದು ಮುಗಿಸಿದ್ಳೇನು?"

ಭಾಗೀರಥಿಗೆ ಸಿಟ್ಟು ಬಂತು, ದುಃಖವೂ ಬಂತು. ಫಕ್ಕೀರವ್ವ ತಾನೇ ಬೆರಳು ಮಡಚಿ ಲೆಕ್ಕ ಹಾಕಿ, "ಮುಗಿಸಿರತಾಳ," ಎಂದಳು.

ಸಭೆ ಅಂಗಳದಲ್ಲೇ ಸೇರಿತು, ಮಧ್ಯಾಹ್ನದ ಬಿಡುವಿನಲ್ಲಿ. ಜರಡಿ ನಿಲ್ಲಿಸಿದ್ದರು. ಭಾಗೀರಥಿ ಮಾತಾಡಿದಳು. ಸ್ಪರ್ಧೆಯಲ್ಲಿ ಮಾತಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಮಾತಾಡಿದಳು ಎನ್ನಬೇಕು, ಯಾಕೆಂದರೆ ಈ ಸಲ ಗೆಲ್ಲದೆ ಇದ್ದರೆ ಅವ್ವ ಉಳಿಯುತ್ತಿರಲಿಲ್ಲ. ಧೂಳು ಎದೆಯೊಳಗೆ ಹೇಗೆ ಗಟ್ಟಿಯಾಗುತ್ತದೆ ಎಂದು ಹೇಳಿದಳು. ಬಿಲ್ಲೆಗೆ ಉಸಿರು ಬೇಕು ಎಂದು ಮಾಡಿದವಳು ತಾನೇ ಎಂದೂ ಹೇಳಿ, ಕೈಮುಗಿದು ಕ್ಷಮೆ ಕೇಳಿದಳು. "ಇದನ್ನ ಬ್ಯಾಡ ಅನ್ರಿ. ಪಾಳಿ ತಿರುಗಿ ಹಚ್ರಿ. ನಾನ ಮಾಡಿದ್ದು, ನಾನ ಬ್ಯಾಡ ಅಂತ ಹೇಳಾಕತ್ತೀನಿ."

ಹೆಂಗಸರ ಮನಸ್ಸು ಕರಗಿತು. ಬಸುರಿ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು. ಮಾಬೂಬಿ ಎದ್ದು ನಿಂತಳು.

"ಹುಡುಗಿ ಹೇಳೂದು ಖರೆ ಐತಿ. ಆದ್ರ ಈ ಬಿಲ್ಲಿಯಿಂದ ಎಲ್ಲಾರಕಿಂತ ಹೆಚ್ಚು ಉಂಡಾಕಿನೂ ಫಕ್ಕೀರವ್ವ, ಎಲ್ಲಾರಕಿಂತ ಹೆಚ್ಚು ಕೆಮ್ಮಾಕತ್ತಾಕಿನೂ ಫಕ್ಕೀರವ್ವ. ಆಕಿ ಬ್ಯಾಡ ಅಂದ್ರ ನಮಗೂ ಬ್ಯಾಡ."

ಎಲ್ಲರೂ ಜರಡಿಯ ಕಡೆ ನೋಡಿದರು. ಭಾಗೀರಥಿಯೂ ನೋಡಿದಳು. ಅವ್ವ ಮಗಳ ಮಾತನ್ನು ಎಂದೂ ತೆಗೆದುಹಾಕಿದವಳಲ್ಲ.

ಫಕ್ಕೀರವ್ವ ಏಳಲು ಹೋಗಿ, ಉಸಿರು ಸಾಲದೆ, ಕೂತಲ್ಲಿಂದಲೇ ಮಾತಾಡಿದಳು.

"ನಾ ಈ ಅಂಗಳಕ್ಕ ಬಂದಾಗ ಈಕಿನ್ನೂ ತೊಟ್ಟಿಲದಾಗ ಇದ್ದಳು. ಅವತ್ತಿಂದ ಕುಡದೀನಿ ಈ ಘಾಟು. ನಮ್ಮವ್ವನೂ ಕುಡದ ಸತ್ತಳು. ಯಾರೂ ಒಂದ ಪೈಸೆ ಕೊಡಲಿಲ್ಲ, ಯಾರೂ ಬಂದು ಕುಡೀಬ್ಯಾಡ ಅಂತ ಹೇಳಲೂ ಇಲ್ಲ. ಅವಾಗ ಯಾವ ಸಭಾನೂ ಕೂಡಲಿಲ್ಲ. ಈಗ ಅದಕ್ಕ ಬೆಲಿ ಬಂದೈತಿ. ಬೆಲಿ ಬಂದ ಮ್ಯಾಲೆ ಎಲ್ಲಾರೂ ಬಂದು ಬ್ಯಾಡ ಅಂತೀರಿ." ಅವಳು ಕೆಮ್ಮಿದಳು. ಹೆಂಗಸರು ಕಾದರು. "ಪಾಳಿ ಹಚ್ಚಿದ್ರೂ ಕುಡಿಯೂದ ಕುಡಿಯೂದ. ಪುಕ್ಕಟೆ ಕುಡಿಯೂದಕ್ಕಿಂತ ಇದು ಚಲೋ. ನಾ ಬ್ಯಾಡ ಅನ್ನೂದಿಲ್ಲ."

ಬೇಡ ಎಂದು ಎತ್ತಿದ ಕೈ ಒಂದೇ, ಭಾಗೀರಥಿಯದು. ಅವಳು ಕೆಲಸದವಳಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಜರಡಿ ಮತ್ತೆ ಶುರುವಾಯಿತು. ಧೂಳು ಎದ್ದಿತು, ಬಿಲ್ಲೆಗಳು ಒಂದೊಂದಾಗಿ ನೀಲಿಯಾದವು. ಭಾಗೀರಥಿಗೆ ತಾನೇನು ಮಾಡುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಗೋಡೆಯ ಬಳಿ ಓಡಿಹೋಗಿ, ಜರಡಿಯ ಪಕ್ಕದ ಕೊಳವೆಯಿಂದ ಎರಡೂ ಕೈಯಿಂದ ಚೀಲವನ್ನು ಎಳೆದು ತೆಗೆದಳು. ಫ್ಯಾನು ಬುಸುಗುಟ್ಟಿ ಧೂಳನ್ನು ನುಂಗತೊಡಗಿತು. ಹತ್ತಿರದ ಬಿಲ್ಲೆಗಳು ಮಂಕಾದವು. ಹೆಂಗಸರು ತೊಟ್ಟು ಮುರಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಬೈಯಲು ಯಾರಿಗೂ ಮನಸ್ಸು ಬರಲಿಲ್ಲ.

ಫಕ್ಕೀರವ್ವ ಗೋಡೆ ಹಿಡಿದುಕೊಂಡು ಎದ್ದಳು. ನಡುನಡುವೆ ನಿಂತು, ಉಸಿರು ತೆಗೆದುಕೊಂಡು, ಮಗಳ ಹತ್ತಿರ ಬಂದಳು. ಅವಳ ಕೈಯಿಂದ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡಳು. ಅದನ್ನು ಮಡಚಿ, ಕೊಳವೆಯ ಬಾಯಿಗೆ ಇಟ್ಟು, ಸಂದಿ ಉಳಿಯದಂತೆ ನಾಲ್ಕೂ ಕಡೆ ಬೆರಳಿನಿಂದ ಒತ್ತಿ ತುರುಕಿದಳು.

"ಮುಂಜಾನಿಂದ ಏನೂ ತಿಂದಿಲ್ಲ ನೀ," ಎಂದಳು. "ಬುಟ್ಟ್ಯಾಗ ರೊಟ್ಟಿ, ಪುಂಡಿಪಲ್ಲೆ ಐತಿ. ಹೊರಗ ಕುಂತು ಉಂಡು ಬಸ್ಸಿಗೆ ಹೋಗು. ಇಲ್ಲಿ ನಿಂದರಬ್ಯಾಡ, ಘಾಟು ಭಾಳ ಐತಿ."